ಉಪಕಾರ ಸ್ಮರಣೆಯ ಪುಸ್ತಕ: ಬಳ್ಳಾರಿಯ ಬೈಂಡಿಂಗ್ ಅಂಗಡಿಯೊಂದರ ಕೆಲಸದ ವಿಮರ್ಶೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಶಾಲೆಗಳ ದಾಖಲೆ ಪುಸ್ತಕಗಳನ್ನೂ ಅಂಗಡಿಗಳ ಲೆಕ್ಕದ ಪುಸ್ತಕಗಳನ್ನೂ ಕಟ್ಟಿಕೊಡುವ ಒಂದು ಚಿಕ್ಕ ಬೈಂಡಿಂಗ್ ಅಂಗಡಿಯಿದೆ. ಮುಂಗಡವಾಗಿ ಹೇಳಿದರೆ ಅಲ್ಲಿ ಕ್ರೈಸ್ತ ಕುಟುಂಬಗಳಿಗಾಗಿ ‘ಉಪಕಾರ ಸ್ಮರಣೆ’ ಎಂಬ ಬರವಣಿಗೆ ಪುಸ್ತಕವೊಂದನ್ನು ಕೈಯಿಂದಲೇ ಹೊಲಿದು ಕೊಡುತ್ತಾರೆ. ದೇವರು ತಮ್ಮ ಮನೆಯಲ್ಲಿ ಮಾಡಿದ ಕಾರ್ಯಗಳನ್ನು ಮನೆಯವರು ಬರೆದಿಡಲೆಂದು ಇರುವ ಪುಸ್ತಕ ಇದು. ಒಟ್ಟು 192 ಪುಟ, ಬೆಲೆ 420 ರೂಪಾಯಿ. ನಮ್ಮ ಮನೆಗೆ ಇದು ಬಂದು ಒಂದು ವರ್ಷ ದಾಟಿರುವುದರಿಂದ, ಹೊಸದರ ಹುರುಪು ಇಳಿದ ಮೇಲೂ ಇದು ಕೈಗೆ ಬರುತ್ತದೆಯೇ, ಬರೆಸಿಕೊಳ್ಳುತ್ತದೆಯೇ ಎಂಬುದನ್ನು ನೋಡಿಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬರೆಯಬೇಡಿರೆಂದು ಅವರೇ ಕೇಳಿಕೊಂಡಿದ್ದಾರೆ. ಇರುವ ಎರಡು ಕೈಗಳಿಗೆ ಈಗಿನ ಕೆಲಸವೇ ಸಾಕಷ್ಟಿದೆಯಂತೆ.

ಇಂಥ ಪುಸ್ತಕದ ಅಗತ್ಯ ಏಕೆಂಬುದನ್ನು ಮೊದಲು ಹೇಳಬೇಕು. ನಮ್ಮ ಕಡೆಯ ಸಭೆಗಳಲ್ಲಿ ಬೇಡಿಕೊಳ್ಳುವುದಕ್ಕೆ ಕೊರತೆಯಿಲ್ಲ. ಉಪವಾಸ ಪ್ರಾರ್ಥನೆ, ಮನೆ ಪ್ರಾರ್ಥನೆ, ರಾತ್ರಿಯಿಡೀ ನಡೆಯುವ ಪ್ರಾರ್ಥನೆ ಎಲ್ಲವೂ ಇವೆ, ಮತ್ತು ಜನ ಕಣ್ಣೀರಿನಿಂದಲೇ ಬೇಡಿಕೊಳ್ಳುತ್ತಾರೆ. ವಾಗ್ದಾನ ತೆಗೆದುಕೊಳ್ಳುವುದರಲ್ಲಿಯೂ ನಾವು ಹಿಂದೆ ಬಿದ್ದವರಲ್ಲ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ, ಹೊಸ ವರ್ಷಕ್ಕೆಂದು ಒಂದು ವಚನವಿರುವ ವಾಗ್ದಾನದ ಕಾರ್ಡಿಗಾಗಿ ಹಿರಿಯರು ಕಿರಿಯರೆನ್ನದೆ ಸಾಲಾಗಿ ನಿಲ್ಲುತ್ತಾರೆ. ಆದರೆ ಮುಗಿಯುತ್ತಿರುವ ವರ್ಷದ ಕಾರ್ಡಿನಲ್ಲಿ ಏನಿತ್ತು, ಆ ವಚನ ನಮ್ಮ ಮನೆಯಲ್ಲಿ ಹೇಗೆ ನೆರವೇರಿತು ಎಂದು ಆ ರಾತ್ರಿ ಕೇಳುವವರು ಕಡಿಮೆ. ಸಾಕ್ಷಿ ಹೇಳುವ ಸಮಯವೆಂದು ಒಂದಿಷ್ಟು ಬಿಟ್ಟಿರುತ್ತಾರೆ ನಿಜ. ಗಡಿಯಾರ ನೋಡುತ್ತ ಹೇಳಿದ ಆ ನಾಲ್ಕು ಮಾತುಗಳು ಸ್ತೋತ್ರದ ಧ್ವನಿಯೊಡನೆ ಮುಗಿದುಹೋಗುತ್ತವೆ, ಮುಂದಿನ ಭಾನುವಾರದ ಹೊತ್ತಿಗೆ ಹೇಳಿದವರ ನೆನಪಿನಲ್ಲಿಯೂ ಅವು ಪೂರ್ತಿ ಉಳಿದಿರುವುದಿಲ್ಲ.

ಸತ್ಯವೇದವು ನೆನಪನ್ನು ಮನಸ್ಸಿನ ಒಲವಿಗೆ ಬಿಟ್ಟಿಲ್ಲ, ಆಜ್ಞೆಯಾಗಿ ಕೊಟ್ಟಿದೆ ಎಂಬುದು ನನ್ನ ದೃಢವಾದ ತಿಳುವಳಿಕೆ. ಅದು ಸುಮ್ಮನೆ ನೆನಪಿಟ್ಟುಕೊಳ್ಳಿ ಎಂದು ಹೇಳಿ ಮುಗಿಸುವುದೂ ಇಲ್ಲ. ನೆನಪಿಗೆ ಒಂದು ವಸ್ತು, ಒಂದು ಜಾಗ, ಒಂದು ದಿನ ಇವುಗಳನ್ನು ಗೊತ್ತುಮಾಡುತ್ತದೆ. ವಿಮೋಚನಕಾಂಡ 12ರಲ್ಲಿ ಐಗುಪ್ತವನ್ನು ಬಿಡುವ ಮೊದಲೇ ಪಸ್ಕಹಬ್ಬದ ದಿನ ಗೊತ್ತಾಗುತ್ತದೆ. 16ನೇ ಅಧ್ಯಾಯದಲ್ಲಿ ದೇವರು, ತಾನು ಅರಣ್ಯದಲ್ಲಿ ಆಹಾರವಾಗಿ ಕೊಟ್ಟ ಮನ್ನವನ್ನು ಮುಂದಿನ ತಲೆಮಾರುಗಳು ನೋಡಲಿ ಎಂದು ಒಂದು ಓಮೆರ್ ಅಳತೆಯಷ್ಟು ಪಾತ್ರೆಯಲ್ಲಿ ತೆಗೆದಿಡಿಸುತ್ತಾನೆ. ಯೆಹೋಶುವ 4ರಲ್ಲಿ ಜನರೆಲ್ಲ ಯೊರ್ದನ್ ಹೊಳೆಯನ್ನು ದಾಟಿದ ಮೇಲೆ ಕುಲಕ್ಕೊಬ್ಬನಂತೆ ಹನ್ನೆರಡು ಮಂದಿ, ಯಾಜಕರು ಕಾಲೂರಿ ನಿಂತಿದ್ದ ಹೊಳೆಯ ನಡುವಿನಿಂದಲೇ ಹನ್ನೆರಡು ಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ತಂದರು. ಯೆಹೋಶುವನು ಅವುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದನು. ಆ ಕಲ್ಲುಗಳನ್ನು ನೋಡಿ ನಾಳೆ ಮಕ್ಕಳು ಇವು ಏನೆಂದು ಕೇಳಬೇಕು, ಹೆತ್ತವರು ಉತ್ತರ ಹೇಳಬೇಕು ಎಂಬುದು ಅಲ್ಲಿನ ಏರ್ಪಾಟು. ಗುಂಡುಕಲ್ಲಿನ ಬೆಟ್ಟಗಳ ನಡುವೆಯೇ ಹುಟ್ಟಿ ಬೆಳೆದ ಬಳ್ಳಾರಿಯ ಜನರಾದ ನಮಗೆ ಕಲ್ಲೊಂದು ಎಷ್ಟು ಕಾಲ ನಿಲ್ಲುತ್ತದೆಂದು ಹೇಳಿಕೊಡಬೇಕಾಗಿಲ್ಲ. ಆದರೂ ಕಲ್ಲು ತಾನಾಗಿ ಮಾತನಾಡದು. ನ್ಯಾಯಸ್ಥಾಪಕರು 2:10ರಲ್ಲಿ ಯೆಹೋವನನ್ನಾಗಲಿ ಆತನು ಇಸ್ರಾಯೇಲ್ಯರಿಗಾಗಿ ನಡೆಸಿದ ಕಾರ್ಯಗಳನ್ನಾಗಲಿ ಅರಿಯದ ಬೇರೊಂದು ಸಂತತಿ ಎದ್ದಿತೆಂದು ಓದುತ್ತೇವೆ. ಕಲ್ಲುಗಳಿದ್ದೂ ಹಾಗಾಯಿತೆಂದರೆ, ಕೇಳುವುದೂ ಹೇಳುವುದೂ ನಿಂತುಹೋಗಿತ್ತೆಂದೇ ನಾನು ತಿಳಿಯುತ್ತೇನೆ.

ಇನ್ನು ಪುಸ್ತಕದ ಕಟ್ಟಡದ ವಿಷಯ. ಹದಿನಾರು ಪುಟಕ್ಕೊಂದು ಫಾರಮ್ಮಿನಂತೆ ಹನ್ನೆರಡು ಫಾರಮ್ಮುಗಳನ್ನು ಮಡಿಸಿ, ಒಂದೊಂದನ್ನೂ ಮಡಿಕೆಯ ಬೆನ್ನಿನಲ್ಲಿ ದಾರದಿಂದ ಹೊಲಿದಿದ್ದಾರೆ. ಈಗ ಸಾಮಾನ್ಯವಾಗಿ ಸಿಗುವ ಡೈರಿಗಳಲ್ಲಿ ಹಾಳೆಗಳನ್ನು ಬೆನ್ನಿಗೆ ಬರಿ ಅಂಟಿನಿಂದ ಹಿಡಿಸಿರುತ್ತಾರೆ. ಬಳ್ಳಾರಿಯ ಬೇಸಿಗೆಗೆ ಆ ಅಂಟು ಒಣಗಿ ಪುಡಿಯಾಗಿ ಎರಡನೆಯ ವರ್ಷಕ್ಕೆ ಹಾಳೆ ಕಳಚುತ್ತದೆ. ಇಲ್ಲಿ ಹಾಗಿಲ್ಲ. ಎಲ್ಲಿ ತೆರೆದರೂ ಪುಸ್ತಕ ಮೇಜಿನ ಮೇಲೆ ಪೂರ್ತಿ ಮಲಗುತ್ತದೆ, ಎಡಗೈಯಿಂದ ಒತ್ತಿ ಹಿಡಿಯಬೇಕಾಗಿಲ್ಲ. ನಾನು ಇದನ್ನು ಮೆಚ್ಚಿ ಹೇಳಿದಾಗ ಕಟ್ಟುವವರು, “ಅಕ್ಕಾರೆ, ಬರಿಯೋ ಪುಸ್ತಕ ತೆಗದ್ರ ಹಂಗೇ ಮಲಗಬೇಕು, ಒತ್ತಿ ಹಿಡದ್ರ ಬೆನ್ನು ಮುರೀತೈತಿ” ಎಂದರು. ಅಂಟಿಗೆ ಅವರು ಬಳಸುವುದು ಮೈದಾ ಹಿಟ್ಟನ್ನು ಕಾಯಿಸಿ ಮಾಡಿದ ಗಂಜಿಯನ್ನೇ. ಹುಳ ಹಿಡಿಯದಿರಲೆಂದು ಅದರಲ್ಲಿ ಸ್ವಲ್ಪ ಮೈಲುತುತ್ತವನ್ನು ಬೆರೆಸುತ್ತಾರೆ. ಇದು ಹಳೆಯ ಬೈಂಡಿಂಗಿನವರ ಕ್ರಮ, ಮತ್ತು ಮಕ್ಕಳ ಕಾಲಕ್ಕೂ ಉಳಿಯಬೇಕೆಂದು ಬರೆಯುವ ಪುಸ್ತಕಕ್ಕೆ ಹುಳದ ಭಯ ಸಣ್ಣದೇನೂ ಅಲ್ಲ.

ಹೊದಿಕೆಯನ್ನು ನೋಡಿದರೆ ಇದು ಬಳ್ಳಾರಿಯದೇ ಪುಸ್ತಕವೆಂದು ಯಾರಾದರೂ ಹೇಳಬಲ್ಲರು. ಊರಿನ ಜೀನ್ಸ್ ಯೂನಿಟ್ಟುಗಳಲ್ಲಿ ಕತ್ತರಿಸಿ ಉಳಿದ ಬಟ್ಟೆಯನ್ನು ರಟ್ಟಿನ ಮೇಲೆ ಎಳೆದು ಅಂಟಿಸಿ, ಮೂಲೆಗಳನ್ನು ಒಳಕ್ಕೆ ಮಡಿಸಿದ್ದಾರೆ. ಪ್ಯಾಂಟಿನ ಜೇಬಿಗೆ ಹಾಕುವ ಕಿತ್ತಳೆ ಬಣ್ಣದ ದಪ್ಪ ದಾರದಿಂದಲೇ ಮೇಲೆ ಹೆಸರನ್ನು ಹೊಲಿದಿದ್ದಾರೆ. ನಮ್ಮ ಯಜಮಾನರು ಅದೇ ಕಸುಬಿನವರಾದ್ದರಿಂದ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ ಟಾಕಿ ಸರಿಯಾಗಿದೆಯೆಂದು ಒಪ್ಪಿದರು. ಆದರೆ ತೊಳೆಯದ ಬಟ್ಟೆಯನ್ನು ಹಾಗೆಯೇ ಹಾಕಿದ್ದರಿಂದ ಮೊದಲ ಮಳೆಗಾಲದಲ್ಲಿ ನೀಲಿ ಬಿಟ್ಟುಕೊಂಡು, ಕಪಾಟಿನಲ್ಲಿ ಪಕ್ಕದಲ್ಲಿದ್ದ ಸತ್ಯವೇದದ ಅಂಚಿಗೆ ಹತ್ತಿತು. ಇದನ್ನು ತಿಳಿಸಿದ ಮೇಲೆ ಅವರು ಈಗ ವಾಷಿಂಗ್ ಆದ ಬಟ್ಟೆಯನ್ನೇ ತರಿಸುತ್ತಿದ್ದಾರೆ. ನಂತರ ಕೊಂಡ ನಮ್ಮ ನಾದಿನಿಯ ಪುಸ್ತಕದಲ್ಲಿ ಬಣ್ಣ ಬಿಡುವ ತೊಂದರೆ ಕಾಣಲಿಲ್ಲ. ಕಾಗದ ಬಾಲ್ ಪೆನ್ನಿಗೆ ಹಿತವಾಗಿದೆ, ಶಾಯಿ ಪೆನ್ನಿಗೆ ಅಲ್ಲ.

ಇದರ ನಿಜವಾದ ಬೆಲೆ ಇರುವುದು ಒಳಗಿನ ಪುಟಗಳ ವಿನ್ಯಾಸದಲ್ಲಿ. ತೆರೆದ ಎರಡು ಪುಟಗಳಲ್ಲಿ ಎಡಪುಟಕ್ಕೆ ಮೂರು ಭಾಗಗಳಿವೆ: ದಿನ, ನಡೆದದ್ದು, ‘ದೇವರು ಯಾರ ಮೂಲಕ ನೆರವಾದನು’ ಎಂಬುದು. ಬಲಪುಟವನ್ನು ‘ಮುಂದೆ ತಿಳಿದದ್ದು’ ಎಂಬ ತಲೆಬರಹದಡಿ ಪೂರ್ತಿ ಖಾಲಿ ಬಿಟ್ಟಿದ್ದಾರೆ. ಘಟನೆ ನಡೆದಾಗ ಎಡಪುಟವನ್ನು ಬರೆಯುತ್ತೇವೆ. ತಿಂಗಳೋ ವರ್ಷವೋ ಕಳೆದ ಮೇಲೆ ಅದರ ಅರ್ಥ ಹೊಳೆದಾಗ ಬಲಪುಟವನ್ನು ಬರೆಯುತ್ತೇವೆ. ಅರ್ಧ ಕಾಗದ ವ್ಯರ್ಥವೆಂದು ಮೊದಲಿಗೆ ತೋರಬಹುದು. ಮಾರ್ಕ 8ನೇ ಅಧ್ಯಾಯವನ್ನು ಓದಿದವರಿಗೆ ಹಾಗೆ ತೋರದು. ದೋಣಿಯಲ್ಲಿ ಒಂದೇ ರೊಟ್ಟಿಯಿದೆಯೆಂದು ಶಿಷ್ಯರು ಚಿಂತಿಸುತ್ತಿದ್ದಾಗ ಯೇಸು, ಐದು ರೊಟ್ಟಿಗಳನ್ನು ಐದು ಸಾವಿರ ಜನರಿಗೆ ಮುರಿದುಕೊಟ್ಟಾಗ ತುಂಡುಗಳಿಂದ ಎಷ್ಟು ಪುಟ್ಟಿಗಳನ್ನು ತುಂಬಿಸಿದಿರಿ ಎಂದು ಕೇಳುತ್ತಾನೆ, ಹನ್ನೆರಡು ಎನ್ನುತ್ತಾರೆ. ಏಳು ರೊಟ್ಟಿಗಳನ್ನು ನಾಲ್ಕು ಸಾವಿರ ಜನರಿಗೆ ಕೊಟ್ಟಾಗ ಎಷ್ಟೆಂದರೆ ಏಳು ಎನ್ನುತ್ತಾರೆ. ಲೆಕ್ಕ ತಪ್ಪಿಲ್ಲ, ಸಂಖ್ಯೆ ಬಾಯಲ್ಲೇ ಇದೆ. ಆದರೂ ಆತನು ‘ನಿಮಗೆ ಇನ್ನೂ ತಿಳಿಯಲಿಲ್ಲವೇ’ ಎಂದು ಕೇಳಬೇಕಾಯಿತು. ನಡೆದದ್ದನ್ನು ಬರೆದಿಡುವುದು ಒಂದು, ನಡೆಸಿದವನು ಎಂಥವನೆಂದು ಅದರಿಂದ ಅರಿಯುವುದು ಇನ್ನೊಂದು. ಎಡಪುಟ ಮಾತ್ರವಿದ್ದ ಪುಸ್ತಕ ನಮ್ಮನ್ನು ಪುಟ್ಟಿ ಎಣಿಸುವವರನ್ನಾಗಿ ಮಾಡುತ್ತಿತ್ತು.

‘ಯಾರ ಮೂಲಕ’ ಎಂಬ ಭಾಗವೂ ಆಳವಾಗಿ ಯೋಚಿಸಿ ಇಟ್ಟದ್ದು. ದೇವರೇ ಮಾಡಿದನು ಎಂದು ಒಂದೇ ಮಾತಿನಲ್ಲಿ ಮುಗಿಸಿ, ನಡುವೆ ನಿಂತು ಬೆವರು ಸುರಿಸಿದ ಮನುಷ್ಯರನ್ನು ಮರೆತುಬಿಡುವ ಅಭ್ಯಾಸ ನಮ್ಮಲ್ಲಿದೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಯೂನಿಟ್ಟಿನ ಮಿಷನ್ನುಗಳೆಲ್ಲ ನಿಂತಾಗ, ನಮಗೆ ಗುಂಡಿ, ಜಿಪ್ಪುಗಳನ್ನು ತಂದುಕೊಡುತ್ತಿದ್ದ ಮುಸಲ್ಮಾನ ಹಿರಿಯರೊಬ್ಬರು ತಮ್ಮ ಬಾಕಿಯನ್ನು ಕೇಳುವುದಿರಲಿ, ಅಕ್ಕಿ ಬೇಳೆಯ ಚೀಲವನ್ನು ಬಾಗಿಲಲ್ಲಿಟ್ಟು ಹೋದರು. ಪುಸ್ತಕ ಬಂದ ಮೇಲೆ ಹಿಂದಿನ ವರ್ಷಗಳನ್ನು ನೆನೆದು ಬರೆಯಲು ಕೂತಾಗ ಈ ಭಾಗದಲ್ಲಿ ಮೊದಲು ಬಿದ್ದ ಹೆಸರು ಅವರದು. ಬರೆದ ಮೇಲೆ ಸುಮ್ಮನಿರಲಾಗದೆ ಯಜಮಾನರು ಅವರ ಮನೆಗೆ ಹೋಗಿ ಹೇಳಿಬಂದರು. ಲೂಕ 17ರಲ್ಲಿ ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ದೇವರನ್ನು ನಿಂದಿಸಿದರೆಂದು ಅಲ್ಲಿ ಬರೆದಿಲ್ಲ. ಅವರು ತಮ್ಮ ದಾರಿಯಲ್ಲಿ ಹೋದರು, ಅಷ್ಟೆ. ನಮ್ಮ ಮರೆವೂ ಹೆಚ್ಚಾಗಿ ಇದೇ ಜಾತಿಯದು, ಅದರಲ್ಲಿ ದ್ವೇಷವಿರುವುದಿಲ್ಲ, ಮುಂದಿನ ಕೆಲಸದ ಅವಸರವಿರುತ್ತದೆ.

ಆ ಅವಸರಕ್ಕೆ ನಮ್ಮ ಕಡೆಯ ಈಚಿನ ಉದಾಹರಣೆಯೊಂದು ಇಲ್ಲಿ ಸಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಕಣ್ಣೆದುರೇ ನೀರು ಹೊಳೆಯ ಪಾಲಾಗುತ್ತಿದ್ದಾಗ ಬಳ್ಳಾರಿ, ಕೊಪ್ಪಳ, ರಾಯಚೂರಿನ ಭತ್ತದ ರೈತರು ಆಗ ತಾನೇ ನಾಟಿ ಮಾಡಿದ ಪೈರನ್ನು ನೋಡಿ ಎದೆ ಹಿಡಿದುಕೊಂಡರು. ಸಿರುಗುಪ್ಪದ ಕಡೆಯ ನಮ್ಮ ಅತ್ತೆಯ ತವರಿನಲ್ಲಿ ಮನೆಮನೆಯಲ್ಲಿ ಪ್ರಾರ್ಥನೆ ನಡೆಯಿತು. ಎಲ್ಲ ಮತದವರೂ ತಮ್ಮ ತಮ್ಮ ರೀತಿಯಲ್ಲಿ ಮೊರೆಯಿಟ್ಟರು. ವಾರದ ಹೊತ್ತಿಗೆ ಎಂಜಿನಿಯರುಗಳೂ ಕೆಲಸಗಾರರೂ ಹರಿಯುವ ನೀರಿನ ನಡುವೆಯೇ ಗೇಟಿನ ಜಾಗದಲ್ಲಿ ನೀರು ತಡೆಯುವ ಸ್ಟಾಪ್‌ಲಾಗು ಎಂಬ ಅಡ್ಡ ತಡೆಗಳನ್ನು ಕೂರಿಸಿದರು, ಮಳೆ ಮತ್ತೆ ಬಂದು ಜಲಾಶಯದಲ್ಲಿ ನೀರು ಏರಿತು. ಸುಗ್ಗಿಯ ಕೃತಜ್ಞತಾ ಆರಾಧನೆಯಲ್ಲಿ ಹೊಸ ಅಕ್ಕಿಯೂ ಕುಂಬಳಕಾಯಿಯೂ ವೇದಿಕೆಯ ಮುಂದೆ ತುಂಬಿದ್ದವು. ಆದರೆ ಆ ಆಗಸ್ಟ್ ವಾರವನ್ನು ಹೆಸರಿಟ್ಟು ನೆನೆದವರು ಅತ್ತೆಯೊಬ್ಬರೇ. ಕೀರ್ತನೆ 106ರಲ್ಲಿ ಕೆಂಪು ಸಮುದ್ರವನ್ನು ದಾಟಿ ಹಾಡಿದವರ ವಿಷಯವಾಗಿ, ಅವರು ಬೇಗನೆ ಆತನ ಕೃತ್ಯಗಳನ್ನು ಮರೆತುಬಿಟ್ಟರು ಎಂದಿರುವುದನ್ನು ಓದುವಾಗ ನನಗೆ ಆ ಮಾತಿನಲ್ಲಿರುವ ‘ಬೇಗನೆ’ ಎಂಬುದೇ ಹೆಚ್ಚು ನಾಟುತ್ತದೆ. ಅತ್ತೆಯ ಮಾತಿನಿಂದ ನಮ್ಮ ಪುಸ್ತಕದಲ್ಲಿ ಆ ವಾರಕ್ಕೊಂದು ಪುಟ ಬಂದಿದೆ, ಅದರ ‘ಯಾರ ಮೂಲಕ’ ಭಾಗದಲ್ಲಿ ಗೇಟಿನ ಮೇಲೆ ನಿಂತು ದುಡಿದ, ನಮಗೆ ಹೆಸರು ತಿಳಿಯದ ಕೆಲಸಗಾರರೂ ಇದ್ದಾರೆ.

ಪುಸ್ತಕದ ಮೊದಲ ಪುಟದ ಬಗ್ಗೆ ವಿಶೇಷವಾಗಿ ಬರೆಯಬೇಕು. ಅಲ್ಲಿ ಬರೆಯಲು ಗೆರೆಗಳಿಲ್ಲ. ತನ್ನನ್ನು ನೆನಪುಮಾಡಿಕೊಳ್ಳುವುದಕ್ಕಾಗಿ ಇದನ್ನು ಮಾಡಿರೆಂದು ಕರ್ತನು ರೊಟ್ಟಿಯನ್ನು ಮುರಿದು ಹೇಳಿದ ಮಾತಿಗೆ 1 ಕೊರಿಂಥ 11ರ ಗುರುತನ್ನು ಮಾತ್ರ ಅಚ್ಚುಮಾಡಿದ್ದಾರೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಸರಿಯಾದ ತೀರ್ಮಾನವಿಲ್ಲ. ನಮ್ಮ ಮನೆಯ ಉಪಕಾರಗಳನ್ನಷ್ಟೇ ಬರೆಯುತ್ತ ಹೋದರೆ, ಕ್ರಮೇಣ ನಮ್ಮ ಆರೋಗ್ಯ, ನಮ್ಮ ವ್ಯಾಪಾರ, ನಮ್ಮ ಮಕ್ಕಳ ಅಂಕಗಳು ಇವೇ ದೇವರ ಒಳ್ಳೆಯತನಕ್ಕೆ ಅಳತೆಯಾಗಿಬಿಡುತ್ತವೆ. ಅವು ಇಲ್ಲದ ವರ್ಷ ಆತನು ಒಳ್ಳೆಯವನಲ್ಲವೇನೋ ಎಂಬ ಸಂಶಯ ಹುಟ್ಟುತ್ತದೆ. ಕ್ರೈಸ್ತನ ನೆನಪು ಶಿಲುಬೆಯಿಂದ ಹೊರಟು ಮನೆಯ ಕಡೆಗೆ ಬರಬೇಕು. ಕ್ರಿಸ್ತನ ಮರಣ, ಪುನರುತ್ಥಾನ ಎಂಬ ಕಾರ್ಯವು ಈಗಾಗಲೇ ನಡೆದು ಮುಗಿದಿದೆ. ನಮ್ಮ ಪುಟಗಳು ಖಾಲಿಯಿದ್ದರೂ ಅದು ಖಾಲಿಯಾಗದು. ಪ್ರತಿ ಸಲ ಪುಸ್ತಕವನ್ನು ತೆಗೆಯುವಾಗ ಆ ಪುಟವನ್ನು ದಾಟಿಯೇ ಹೋಗಬೇಕಾಗಿರುವುದರಿಂದ, ನಮ್ಮ ಮನೆಯಲ್ಲಿ ಕರ್ತನ ರಾತ್ರಿಭೋಜನಕ್ಕೆ ಮುಂಚಿನ ಶನಿವಾರ ಸಂಜೆ ಇದನ್ನು ಓದುವ ರೂಢಿ ತಾನಾಗಿ ಬೆಳೆದಿದೆ.

ಮೆಚ್ಚದ ಸಂಗತಿಗಳೂ ಇವೆ, ಅವುಗಳಲ್ಲಿ ಒಂದು ಗಂಭೀರವಾದದ್ದು. ಹತ್ತನೆಯ ಫಾರಮ್ಮನ್ನು ಪ್ರಾರ್ಥನೆಗಳಿಗೆಂದು ಮೀಸಲಿಟ್ಟು, ಅಲ್ಲಿ ‘ಬೇಡಿಕೊಂಡ ದಿನ’, ‘ಬೇಡಿಕೆ’, ‘ಉತ್ತರ ದೊರೆತ ದಿನ’ ಎಂದು ಕಲಮುಗಳನ್ನು ಎಳೆದಿದ್ದಾರೆ. ಲೆಕ್ಕದ ಪುಸ್ತಕಗಳನ್ನು ಕಟ್ಟಿ ಅಭ್ಯಾಸವಾದ ಕೈ ಹೀಗೆ ಎಳೆದಿರಬಹುದು, ಉದ್ದೇಶ ಒಳ್ಳೆಯದೇ. ಆದರೆ ಮೂರನೆಯ ಕಲಮು ಖಾಲಿ ಉಳಿದ ಸಾಲುಗಳು ದಿನವೂ ಬಾಕಿಯಂತೆ ಕಾಣತೊಡಗುತ್ತವೆ. ನಮ್ಮ ಮಾವನವರ ಗುಣವಾಗಲೆಂದು ಬೇಡಿಕೊಂಡ ಸಾಲಿನ ಎದುರು ಏನು ಬರೆಯಬೇಕು? ಅವರು ಆ ಕಾಯಿಲೆಯಲ್ಲೇ ತೀರಿಕೊಂಡರು. ಆ ತಿಂಗಳುಗಳಲ್ಲಿ ದೇವರು ನಮ್ಮೊಡನೆ ಇದ್ದನೆಂಬುದು ನಮಗೆ ಚೆನ್ನಾಗಿ ಗೊತ್ತು; ಮಾತು ನಿಂತ ಮೇಲೂ ಅವರು ಹಾಡು ಕೇಳಿದಾಗ ತುಟಿ ಆಡಿಸುತ್ತಿದ್ದರು, ಎರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅವರ ಮಂಚದ ಎರಡು ಬದಿಯಲ್ಲಿ ಕೂತು ಒಂದಾದರು. ಇದನ್ನು ‘ಉತ್ತರ ದೊರೆತ ದಿನ’ ಎಂಬ ಬೆರಳಗಲದ ಕಲಮಿನಲ್ಲಿ ಬರೆಯಲು ಬರುವುದಿಲ್ಲ.

ಸತ್ಯವೇದದ ನೆನಪಿನಲ್ಲಿ ಕಷ್ಟದ ದಿನಗಳಿಗೆ ಪೂರ್ತಿ ಸ್ಥಾನವಿದೆ. ಧರ್ಮೋಪದೇಶಕಾಂಡ 8ರಲ್ಲಿ ಮೋಶೆಯು, ದೇವರು ನಲವತ್ತು ವರ್ಷ ಅರಣ್ಯದಲ್ಲಿ ನಡೆಸಿದ ದಾರಿಯನ್ನೆಲ್ಲ ಜ್ಞಾಪಕಮಾಡಿಕೊಳ್ಳಿರಿ ಎನ್ನುವಾಗ, ಹಸಿವನ್ನೂ ಮನ್ನವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹಸಿವನ್ನು ಬಿಟ್ಟು ಮನ್ನವನ್ನಷ್ಟೇ ನೆನೆಯಿರಿ ಎನ್ನುವುದಿಲ್ಲ. ಅದೇ ಅಧ್ಯಾಯದಲ್ಲಿ ಒಳ್ಳೆಯ ದೇಶಕ್ಕೆ ಸೇರಿ, ಉಂಡು ತೃಪ್ತರಾಗಿ, ಒಳ್ಳೆಯ ಮನೆಗಳನ್ನು ಕಟ್ಟಿಕೊಂಡ ಮೇಲೆ ನನ್ನ ಸ್ವಂತ ಬಾಹುಬಲದಿಂದಲೇ ಇಷ್ಟು ಸಂಪಾದಿಸಿದೆನೆಂದು ಅಂದುಕೊಳ್ಳಬಾರದೆಂಬ ಎಚ್ಚರಿಕೆಯಿದೆ. ಮರೆವಿನ ಅಪಾಯ ಬಡತನಕ್ಕಿಂತ ಅನುಕೂಲದ ದಿನಗಳಲ್ಲೇ ಹೆಚ್ಚೆಂದು ಇದರಿಂದ ತಿಳಿಯುತ್ತದೆ. ಇನ್ನು 77ನೆಯ ಕೀರ್ತನೆಯ ಭಕ್ತನು ರಾತ್ರಿಯೆಲ್ಲ ನಿದ್ದೆಯಿಲ್ಲದೆ, ದೇವರು ಕೃಪೆ ತೋರಿಸುವುದನ್ನೇ ಮರೆತನೋ ಎಂದು ಕೇಳಿದ ಮೇಲೆಯೇ ಆತನ ಹಿಂದಿನ ಅದ್ಭುತಗಳನ್ನು ನೆನೆಯಲು ತೊಡಗುತ್ತಾನೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ಅದು ಹಾಡುಗಳ ಪುಸ್ತಕದಿಂದ ಹೊರಬಿದ್ದಿಲ್ಲ. ಇಷ್ಟೆಲ್ಲ ಇರುವಾಗ ಈ ಪುಸ್ತಕದಲ್ಲಿ ಅಳುವುದಕ್ಕೆ ಒಂದು ಪುಟವಾದರೂ ಇರಬೇಕಾಗಿತ್ತು. ನಾವು ಆ ಫಾರಮ್ಮಿನ ಕಲಮುಗಳನ್ನು ಲೆಕ್ಕಿಸದೆ ಅಡ್ಡಲಾಗಿ ಬರೆಯುತ್ತ ಹೋಗಿದ್ದೇವೆ. ಮಾವನವರ ಪುಟ ಈಗ ಅಲ್ಲಿದೆ.

ಮುನ್ನುಡಿಯಾಗಿ ಕೊಟ್ಟಿರುವ ವಚನಗಳ ಪಟ್ಟಿಯೂ ಒಂದೇ ಕಡೆಗೆ ವಾಲಿದೆ, ಹೆಚ್ಚಿನವು ಸಮೃದ್ಧಿಯ ವಚನಗಳು. ಸಮುವೇಲನು ಕಲ್ಲನ್ನು ನಿಲ್ಲಿಸಿ ಎಬೆನೆಜೆರ್ (ಸಹಾಯದ ಕಲ್ಲು) ಎಂದು ಹೆಸರಿಟ್ಟ 1 ಸಮುವೇಲ 7:12 ಆ ಪಟ್ಟಿಯಲ್ಲಿದೆ, ಒಳ್ಳೆಯದೇ. ಆದರೆ ಅದೇ ಅಧ್ಯಾಯದ ಆರಂಭದಲ್ಲಿ ಜನರು ಮಿಚ್ಪೆಯಲ್ಲಿ ಕೂಡಿ ಉಪವಾಸವಿದ್ದು ಪಾಪವನ್ನು ಒಪ್ಪಿಕೊಂಡ ಭಾಗವನ್ನು ಬಿಟ್ಟಿದ್ದಾರೆ. ದೇವರು ಕ್ಷಮಿಸಿದ್ದನ್ನು ನೆನೆಯುವುದೂ ಆತನ ಕಾರ್ಯವನ್ನು ನೆನೆಯುವುದೇ. ಹಿಂದಿನ ರಟ್ಟಿನ ಒಳಗೆ ಅಂಟಿಸಿರುವ ಚೀಲ ಚಿಕ್ಕದಾಯಿತು. ಹಳೆಯ ಪತ್ರ, ಫೋಟೋ ಹಿಡಿಯುತ್ತವೆ, ಆಸ್ಪತ್ರೆಯ ದೊಡ್ಡ ಕಾಗದ ಮಡಿಸಿದರೂ ಹಿಡಿಯುವುದಿಲ್ಲ.

ಕೊನೆಯ ಫಾರಮ್ಮಿನ ವಿಷಯಕ್ಕೆ ಬಂದರೆ ಮತ್ತೆ ಮೆಚ್ಚುಗೆಯ ಮಾತನ್ನೇ ಹೇಳಬೇಕಾಗಿದೆ. ದೀಕ್ಷಾಸ್ನಾನ, ಮದುವೆ, ಮರಣಗಳ ದಿನಗಳಿಗೆ ಸ್ಥಳ ಬಿಟ್ಟ ನಂತರ, ‘ನಮ್ಮ ಮನೆಗೆ ಸುವಾರ್ತೆ ಬಂದ ದಾರಿ’ ಎಂಬ ತಲೆಬರಹದಡಿ ನಾಲ್ಕು ಪುಟಗಳಿವೆ. ಅತ್ತೆ ಹೇಳುತ್ತ ಹೋದರು, ನಮ್ಮ ಮಗಳು ಬರೆಯುತ್ತ ಹೋದಳು. ಅತ್ತೆಯ ಅಜ್ಜಿಗೆ ಓದು ಬರುತ್ತಿರಲಿಲ್ಲ. ವಾರಕ್ಕೊಮ್ಮೆ ಹಳ್ಳಿಗೆ ಬರುತ್ತಿದ್ದ ಉಪದೇಶಿಯೊಬ್ಬರು ಕಟ್ಟೆಯ ಮೇಲೆ ಕೂತು ಓದಿದ್ದನ್ನು ಕೇಳಿ ಕೇಳಿ, ಇಡೀ 23ನೆಯ ಕೀರ್ತನೆಯನ್ನು ಬಾಯಿಪಾಠ ಮಾಡಿ, ಭತ್ತದ ಕಳೆ ಕೀಳುವಾಗ ಹೇಳಿಕೊಳ್ಳುತ್ತಿದ್ದರಂತೆ. ಆ ಉಪದೇಶಿ ಓದಿದ ಕನ್ನಡ ವೇದ ಎಲ್ಲಿಂದ ಬಂತು ಎಂದು ಮಗಳು ಕೇಳಿದ ಪ್ರಶ್ನೆಗೆ ಉತ್ತರ ನಮ್ಮ ಊರಿನಲ್ಲಿಯೇ ಇದೆ ಎಂಬುದು ಅವಳಿಗೆ ದೊಡ್ಡ ಸುದ್ದಿಯಾಯಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತರು. ಅವರೂ ಅದೇ ಸೊಸೈಟಿಯ ವಿಲಿಯಂ ರೀವ್ ಅವರೂ ವರ್ಷಗಟ್ಟಲೆ ದುಡಿದ ಫಲವಾಗಿ ಇಡೀ ಸತ್ಯವೇದವು 1831ರಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ದೊರೆಯಿತು. ಕನ್ನಡದ ಮೊದಲ ಪತ್ರಿಕೆಯಾಗಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವೂ ಮರುವರ್ಷ ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಅಚ್ಚಾದದ್ದು ಇದೇ ಬಳ್ಳಾರಿಯಲ್ಲಿ. ಇವೆಲ್ಲ ಪುಸ್ತಕಗಳಲ್ಲಿ ಸಿಗುವ ಸಂಗತಿಗಳು. ಕಟ್ಟೆಯ ಮೇಲೆ ಕೂತು ಓದಿದ ಉಪದೇಶಿಯ ಹೆಸರು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ, ಅತ್ತೆಯ ನಾಲಗೆಯ ಮೇಲೆ ಮಾತ್ರ ಉಳಿದಿತ್ತು. ಈಗ ಅದು ಮಗಳ ದುಂಡನೆಯ ಅಕ್ಷರದಲ್ಲಿ ನಮ್ಮ ಹನ್ನೆರಡನೆಯ ಫಾರಮ್ಮಿನಲ್ಲಿದೆ. ಮಲಾಕಿ 3:16ರಲ್ಲಿ ಯೆಹೋವನಲ್ಲಿ ಭಯಭಕ್ತಿಯುಳ್ಳವರು ಒಬ್ಬರೊಡನೊಬ್ಬರು ಮಾತನಾಡಿಕೊಂಡದ್ದನ್ನು ಆತನು ಕಿವಿಗೊಟ್ಟು ಕೇಳಿ, ಅವರಿಗಾಗಿ ಜ್ಞಾಪಕದ ಪುಸ್ತಕವನ್ನು ತನ್ನ ಮುಂದೆ ಬರೆಯಿಸಿದನೆಂದಿದೆ. ಆ ಉಪದೇಶಿ ಅಲ್ಲಿ ಎಂದೋ ದಾಖಲಾಗಿರಬೇಕೆಂದು ನಂಬುತ್ತೇನೆ. ನಾವು ಬರೆಯದಿದ್ದರೆ ನಷ್ಟವಾಗುತ್ತಿದ್ದದ್ದು ನಮ್ಮ ಮಕ್ಕಳಿಗೆ.

ಮೊಬೈಲಿನಲ್ಲಿಯೇ ಬರೆದಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಬರೆಯಬಹುದು, ಏನೂ ಬರೆಯದಿರುವುದಕ್ಕಿಂತ ಅದು ಮೇಲು. ಆದರೆ ಮೊಬೈಲಿನಲ್ಲಿದ್ದದ್ದು ಅದರ ಒಡೆಯರೊಬ್ಬರ ನೆನಪಾಗಿಯೇ ಉಳಿಯುತ್ತದೆ, ಫೋನು ಬದಲಾದಾಗ ಹೋಗಿಯೂಬಿಡಬಹುದು. ಪುಸ್ತಕ ನಡುಮನೆಯ ಮೇಜಿನ ಮೇಲಿರುತ್ತದೆ. ಬಂದ ನೆಂಟರ ಮಕ್ಕಳು ಜೀನ್ಸ್ ಬಟ್ಟೆಯ ಈ ಪುಸ್ತಕವೇನೆಂದು ತೆರೆದು ನೋಡಿ ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಬೇಕೆಂದೇ ಅಲ್ಲವೇ ಯೊರ್ದನಿನ ಕಲ್ಲುಗಳನ್ನು ಹೊತ್ತು ತಂದದ್ದು. ಒಂದೇ ಮನೆಯಲ್ಲಿ ಮೂರು ಕೈಬರಹಗಳಿರುವುದೂ ಒಂದು ಸೊಗಸು. ಓದಲು ಬಾರದ ಹಿರಿಯರಿರುವ ಮನೆಗಳಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು, ಏಕೆಂದರೆ ಹೇಳಿಸಿ ಬರೆಯುವ ನೆಪದಲ್ಲಿ ಮೊಮ್ಮಕ್ಕಳು ಅವರ ಪಕ್ಕದಲ್ಲಿ ಕೂರುತ್ತಾರೆ.

ಒಂದು ಎಚ್ಚರಿಕೆಯನ್ನು ಹೇಳುವುದು ಅಗತ್ಯ. ಸಭೆಯಲ್ಲಿ ಎತ್ತಿ ತೋರಿಸಲು ಇದು ತಕ್ಕ ವಸ್ತುವಲ್ಲ. ಮನೆಯೊಳಗಿನ ರೋಗ, ಸಾಲ, ಜಗಳ, ಕ್ಷಮೆ ಎಲ್ಲವೂ ಇದರಲ್ಲಿ ಬರುತ್ತವೆ; ಬೇರೆಯವರ ಹೆಸರೂ ಬರುತ್ತದೆ. ಯಾವ ಪುಟವನ್ನು ಯಾರೆದುರು ಓದಬೇಕೆಂಬುದನ್ನು ಮನೆಯವರು ಸೇರಿ ತೀರ್ಮಾನಿಸುವುದು ಒಳ್ಳೆಯದು. ನಮ್ಮ ಸಭಾಪಾಲಕರು ಈ ಪುಸ್ತಕವನ್ನು ಕಂಡು, ಸಾಕ್ಷಿ ಹೇಳುವವರು ಹಿಂದಿನ ವರ್ಷ ಬರೆದದ್ದರಲ್ಲಿ ಒಂದನ್ನು ಆರಿಸಿ ತಂದರೆ ಸಾಕೆಂದು ಸೂಚಿಸಿದ್ದಾರೆ. ಇದರಿಂದ ಸಾಕ್ಷಿಯ ಸಮಯ ಈಗ ಚಿಕ್ಕದಾಗಿ, ಗಟ್ಟಿಯಾಗಿ ಬರುತ್ತಿದೆ.

ಅಂಗಡಿಯವರ ನಡವಳಿಕೆ ಮರ್ಯಾದೆಯದು. ಹೇಳಿದ ದಿನಕ್ಕೆ ಕೊಟ್ಟರು, ಮುಂಗಡವಾಗಿ ಅರ್ಧ ಹಣವನ್ನಷ್ಟೇ ತೆಗೆದುಕೊಂಡರು, ಬಣ್ಣ ಬಿಟ್ಟದ್ದನ್ನು ತೋರಿಸಿದಾಗ ವಾದ ಮಾಡದೆ ಹೊದಿಕೆಯನ್ನು ಬದಲಾಯಿಸಿ ಕೊಡುತ್ತೇನೆಂದರು. ಹಳೆಯ ಸತ್ಯವೇದ, ಸಂಗೀತ ಪುಸ್ತಕಗಳ ಬೆನ್ನು ಮುರಿದಿದ್ದರೆ ಅವುಗಳನ್ನೂ ಹೊಲಿದು ಕೊಡುತ್ತಾರೆ. ಅತ್ತೆಯ ಹಳೆಯ ಸತ್ಯವೇದಕ್ಕೆ ಹಾಕಿಸಿದ ಕ್ಯಾಲಿಕೋ ಬಟ್ಟೆಯ ಬೆನ್ನು ಗಟ್ಟಿಯಾಗಿ ನಿಂತಿದೆ. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದಿಲ್ಲ, ಹೋಗಿಯೇ ಹೇಳಬೇಕು. ಹೊರ ಊರಿನವರಿಗೆ ಇದೊಂದು ತೊಡಕು. 420 ರೂಪಾಯಿ ಸಣ್ಣ ಮೊತ್ತವಲ್ಲವಾದರೂ ಹೊಲಿಗೆಯ ಕೆಲಸವನ್ನು ನೋಡಿದರೆ ಹೆಚ್ಚೆಂದು ಹೇಳಲಾರೆ. ಕೂಲಿ ಮಾಡುವ ಕುಟುಂಬಗಳಿಗಾಗಿ 64 ಪುಟಗಳ, ಬರಿ ರಟ್ಟಿನ ಹೊದಿಕೆಯ ಒಂದು ಚಿಕ್ಕ ಪುಸ್ತಕವನ್ನು ಕಡಿಮೆ ಬೆಲೆಗೆ ಮಾಡಬೇಕೆಂದು ಕೇಳಿದ್ದೇನೆ, ಲೆಕ್ಕ ಹಾಕಿ ಹೇಳುತ್ತೇನೆಂದಿದ್ದಾರೆ.

‘ಉತ್ತರ ದೊರೆತ ದಿನ’ದ ಕಲಮನ್ನು ತೆಗೆದು ಆ ಫಾರಮ್ಮನ್ನು ಗೆರೆಯ ಪುಟಗಳಾಗಿಯೇ ಬಿಡಲು ಅವರು ಒಪ್ಪಿದ್ದಾರೆ. ಆದರೆ ಈಗಾಗಲೇ ರೂಲಿಂಗ್ ಆಗಿರುವ ಹಾಳೆ ಮುಗಿಯುವವರೆಗೆ ಹಳೆಯ ವಿನ್ಯಾಸವೇ ಬರುತ್ತದೆ. ಹೊಸದು ಬೇಕಾದವರು ಅಂಗಡಿಯಲ್ಲಿ ಕೇಳಿ ನೋಡಿಯೇ ಹಣ ಕೊಡುವುದು ಸರಿ. ಕ್ರಿಸ್ಮಸ್ ಮುಂಚಿನ ವಾರಗಳಲ್ಲಿ ಶಾಲೆ, ಸಭೆಗಳ ಕೆಲಸ ಅವರಲ್ಲಿ ತುಂಬಿರುತ್ತದೆ. ವರ್ಷದ ಕೊನೆಯ ರಾತ್ರಿಗೆ ಪುಸ್ತಕ ಮನೆಯಲ್ಲಿರಬೇಕೆನ್ನುವವರು ನವೆಂಬರ್ ಮೊದಲ ವಾರದಲ್ಲಿಯೇ ಹೋಗಿ ಹೇಳಿಬಂದರೆ ಕೈಗೆ ಸಿಗುತ್ತದೆ.